ಮೂರನೇ ಸಿಲಿಂಡರ್

ಫೆಬ್ರವರಿ ೧೧, ಶನಿವಾರ

ಪಕ್ಕದ ಮನೆಯ ಸ್ತಾಮೆನ್ ಇನ್ನೂ ಸ್ಮೋಲ್ಯಾನ್ ಪಟ್ಟಣದ ಆಸ್ಪತ್ರೆ ಮುಟ್ಟಿಲ್ಲ. ನನಗೆ ನಿದ್ದೆ ಬರುತ್ತಿಲ್ಲ.

ಸಂಜೆ ಅವನ ಕಾರು ಕುಂಟುತ್ತಾ ನನ್ನ ಗ್ಯಾರೇಜಿಗೆ ಬಂತು. ಹಿಂದಿನ ಸೀಟಿನಲ್ಲಿ ಹೆಂಡತಿ ರುಮ್ಯಾನಾ, ಹೆರಿಗೆ ನೋವು.

"ಬೇಗ ನೋಡಕ್ಕ, ಎಂಜಿನ್ ಮಿಸ್ಸಿಂಗ್ ಹೊಡೀತಿದೆ. ಆಂಬುಲೆನ್ಸು ಹಿಮದಲ್ಲಿ ಸಿಕ್ಕೊಂಡಿದೆಯಂತೆ!"

ದೋಷ ಮೂರನೇ ಸಿಲಿಂಡರಿನಲ್ಲಿದೆ ಎಂದು ಸ್ಕ್ಯಾನರ್ ತೋರಿಸಿತು. ಅದರಲ್ಲಿ ಕಿಡಿ ಹೊತ್ತಿಸುವ ಕಾಯಿಲನ್ನು ಪರೀಕ್ಷೆಗೆಂದು ಒಂದನೆಯದಕ್ಕೆ ಹಾಕಿದೆ. ದೋಷವೂ ಒಂದನೆಯದಕ್ಕೆ ಹೋಯಿತು. ಕೆಟ್ಟಿದ್ದು ಕಾಯಿಲೇ. ಗ್ಯಾರೇಜಿನಲ್ಲಿ ಹೊಸದಿರಲಿಲ್ಲ.

"ಇನ್ನೂ ಹುಡುಕ್ತಾ ಕೂತ್ರೆ ಇಲ್ಲೇ ಹೆರ್ತೀನಿ!" ರುಮ್ಯಾನಾ ಕಿರುಚಿದಳು.

ಅದೇ ಮಾದರಿಯ ನನ್ನ ಕಾರು ಕ್ಲಚ್ ಬಿಚ್ಚಿಕೊಂಡು ನಿಂತಿತ್ತು. ಅದರ ಕಾಯಿಲನ್ನೇ ಕಿತ್ತು ಕೂರಿಸಿದೆ. ಎಂಜಿನ್ ಒಂದೇ ಸಮ ಓಡಿತು. ಹೊರಟರು.

ಈಗಷ್ಟೇ ಘಾಟಿಯ ತುದಿಯಿಂದ ಫೋನ್. "ಗಾಡಿ ಚೆನ್ನಾಗಿದೆ ಅಕ್ಕ, ಈಗ ಮಿಸ್ಸಿಂಗ್ ಹೊಡೀತಿರೋದು ನಾನೇ."

ಹಿಂದಿನಿಂದ ಅವಳ ದನಿ: "ಫೋನಿಡು, ರಸ್ತೆ ನೋಡು!"

ಬೈಯುವಷ್ಟು ಶಕ್ತಿಯಿದೆ. ಇನ್ನು ಬರೀ ಇಳಿಜಾರು. ಆ ಕಾಯಿಲೊಂದು ತಡೆದುಕೊಂಡರೆ...