ಹೆಬ್ಬೆರಳು ಯಾರದು ಎಂದಷ್ಟೇ ಕೇಳಿದರು

ಹುಬ್ಬಳ್ಳಿ, ಕ್ರಿ.ಶ. 2149
ಹದಿಮೂರನೆಯ ತಿಂಗಳ ಒಂಬತ್ತನೆಯ ದಿನ

ನಮಗಿಂತ ನೂರಿಪ್ಪತ್ತು ವರ್ಷ ಹಿಂದೆ ಬದುಕಿರುವ ಹಿರಿಯರಿಗೆ, ಇಂದುಮತಿ ಬೆಳವಟಗಿಯ ನಮಸ್ಕಾರಗಳು.

ತಾರೀಕು ನೋಡಿ ಹುಬ್ಬೇರಿಸಬೇಡಿ. ನಮ್ಮ ವರ್ಷಕ್ಕೆ ಇಪ್ಪತ್ತೆಂಟು ದಿನಗಳ ಹದಿಮೂರು ತಿಂಗಳು. ನಿಮಗೆ ತಿಳಿಯದ ಪದಗಳು ಬಂದರೆ ಕ್ಷಮಿಸಿ. ಕಳೆದ ಕಾಲಕ್ಕೆ ಕಾಗದ ಒಯ್ಯುವ ಅಂಚೆಯನ್ನು ನಾವು ಹಿನ್ನಂಚೆ ಎನ್ನುತ್ತೇವೆ. ಅದರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಒಂದೇ ಪತ್ರ ಬರೆಯುವ ಅವಕಾಶ. ಹೆಚ್ಚಿನವರು ಮುತ್ತಜ್ಜಿಗೆ ಬರೆಯುತ್ತಾರೆ. ನಾನು ಸಿಟ್ಟಿನಲ್ಲಿ ನಿಮಗೆ ಬರೆಯುತ್ತಿದ್ದೇನೆ.

ನಾನು ಹತ್ತೊಂಬತ್ತು ವರ್ಷ ತೆಂಕಗಾಳಿ ಎಂಬ ವಿಮಾನ ಸಂಸ್ಥೆಯಲ್ಲಿ ಕ್ಯಾಪ್ಟನ್ ಆಗಿದ್ದೆ. ಈಗ ಅದೇ ಸಂಸ್ಥೆ ನನ್ನನ್ನು ಕಳೆದ ಸಾಮಾನಿನ ಕೋಣೆಯಲ್ಲಿ ಕೂರಿಸಿದೆ. ಯಾರದೋ ಕೊಡೆ, ಯಾರದೋ ಹಲ್ಲಿನ ಸೆಟ್ಟು ಇಟ್ಟುಕೊಂಡು ವಾರಸುದಾರರಿಗೆ ಕಾಯುವುದು ನನ್ನ ಕೆಲಸ.

ನಮ್ಮ ವಿಮಾನಗಳು ನೀರಿನಿಂದ ತೆಗೆದ ಅನಿಲದಲ್ಲಿ ಹಾರುತ್ತವೆ, ಹೊಗೆಯ ಬದಲು ಆವಿ ಬಿಡುತ್ತವೆ. ಹುಬ್ಬಳ್ಳಿಯಲ್ಲಿ ಗಿರಮಿಟ್ ಕಟ್ಟಿಸಿಕೊಂಡು ಹತ್ತಿದವರು ಅದು ಮೆತ್ತಗಾಗುವ ಮೊದಲೇ ಮಸ್ಕತ್‌ನಲ್ಲಿ ಇಳಿಯುತ್ತಾರೆ. ಆದರೆ ಚಕ್ರಗಳು ಇನ್ನೂ ರಬ್ಬರಿನವೇ. ಚಕ್ರದ ಕಾಲುಗಳು ಇಂದಿಗೂ ಎಣ್ಣೆಯ ಒತ್ತಡದಿಂದಲೇ ಮಡಚಿ ಬಿಚ್ಚಿಕೊಳ್ಳುತ್ತವೆ. ಆ ಎಣ್ಣೆ ಸೋರಿದರೆ ಏನಾಗುತ್ತದೆಂದು ನಿಮಗೂ ಗೊತ್ತು.

ಹಾರುವ ಮೊದಲು ಪ್ರತಿ ವಿಮಾನಕ್ಕೂ ಒಪ್ಪಚ್ಚು ಬೀಳಬೇಕು. ‘ನೋಡಿದ್ದೇನೆ, ಹಾರಲು ಯೋಗ್ಯ’ ಎಂದು ಗಾಜಿನ ಫಲಕದ ಮೇಲೆ ಒತ್ತುವ ಹೆಬ್ಬೆರಳಿನ ಗುರುತು ಅದು. ನಮ್ಮಲ್ಲಿ ಮೂವತ್ತೊಂದು ವರ್ಷ ಅದನ್ನು ಒತ್ತಿದವರು ಎಂಜಿನಿಯರ್ ದಾವಲಸಾಬ ನದಾಫ. ಗೋಣಿಚೀಲ ಹಾಸಿಕೊಂಡು ವಿಮಾನದ ಹೊಟ್ಟೆಯ ಕೆಳಗೆ ಮಲಗಿ ಒಂದೂವರೆ ಗಂಟೆ ನೋಡುತ್ತಿದ್ದರು. ಆಮೇಲೆ ಸಂಸ್ಥೆ ಆಲಿಸುವ ಗೋಡೆ ತಂದಿತು. ವಿಮಾನದ ನಡುಕವನ್ನು ಕೇಳಿಸಿಕೊಂಡು ಹಸಿರು ಅಥವಾ ಕೆಂಪು ದೀಪ ಹತ್ತಿಸುವ ಯಂತ್ರ ಅದು. ಗೋಡೆ ಬಂದ ಮೇಲೆ ಎಂಜಿನಿಯರುಗಳನ್ನು ಮನೆಗೆ ಕಳಿಸಿದರು. ಪೈಲಟ್‌ಗಳಿಗೆ ಮೂರು ದಿನ ತರಬೇತಿ ಕೊಟ್ಟು, ಇನ್ನು ಒಪ್ಪಚ್ಚು ನಿಮ್ಮದೇ ಎಂದರು.

ಹೋಗುವ ದಿನ ದಾವಲಸಾಬರು ನನ್ನನ್ನು ಕರೆದು ಹೇಳಿದರು: “ಅವ್ವಾ, ಗ್ವಾಡಿ ಸಪ್ಪಳ ಕೇಳತೈತಿ, ಹಸಿ ಕಾಣೂದಿಲ್ಲ ಅದಕ್ಕ. ಎಣ್ಣಿ ಕಂಡ್ರ ಎಲ್ಲಿಂದ ಬಂತು ಅಂತ ತಿಳಿಯೂತನಕ ಒರಸಬ್ಯಾಡ.”

ನಾನು ಎಂಟು ತಿಂಗಳು ಬೆರಳೊತ್ತಿದೆ. ಅವರು ಒಂದೂವರೆ ಗಂಟೆ ನೋಡುತ್ತಿದ್ದುದನ್ನು ಹತ್ತು ನಿಮಿಷ ಟಾರ್ಚ್ ಹಾಕಿ ನೋಡಿ ಒತ್ತಿದೆ. ಇದನ್ನು ಮುಚ್ಚಿಟ್ಟು ನಿಮ್ಮೆದುರು ಒಳ್ಳೆಯವಳಾಗಲಾರೆ.

ಹೋದ ಮಳೆಗಾಲದ ಒಂದು ಬೆಳಿಗ್ಗೆ ವಿಮಾನದ ಬಲಗಾಲಿನ ಮೊಣಕಾಲ ಹತ್ತಿರ ಅಂಗೈಯಷ್ಟು ಎಣ್ಣೆಯ ಹಸಿ ಕಂಡಿತು. ಮುಟ್ಟಿದೆ, ಬೆಚ್ಚಗಿತ್ತು. ಗೋಡೆ ಹಸಿರು ತೋರಿಸುತ್ತಿತ್ತು. ನಾನು ಬೆರಳೊತ್ತಲಿಲ್ಲ. ಐದು ನಿಮಿಷದಲ್ಲಿ ಕಾರ್ಯಾಚರಣೆಯ ಮ್ಯಾನೇಜರ್ ಶ್ರೀಪಾದ ಇನಾಮದಾರರ ಫೋನ್ ಬಂತು.

“ಮೇಡಮ್ಮಾರ, ಗ್ವಾಡಿ ಹಸಿರು ತೋರಸ್ಲಿಕ್ಕತ್ತದ. ನಿಮ್ಮ ಬೆರಳಿಗೆ ಏನಾಗೇದ್ರಿ?”

“ಎಣ್ಣಿ ಸೋರಾಕತ್ತೈತ್ರಿ. ಎಂಜಿನಿಯರ್‌ನ ಕರಸ್ರಿ.”

“ಎಂಜಿನಿಯರ್ ಬೆಂಗಳೂರಿಂದ ಬರಬೇಕು. ಮಧ್ಯಾಹ್ನ ಆಗ್ತದ. ಮಂದಿ ಕೂತಾರ. ಒತ್ತಾಯ ಏನಿಲ್ಲ ಮತ್ತ. ಸುಮ್ನ ಕೇಳ್ಲಿಕ್ಕತ್ತೀನಿ.”

“ಹಾರು ಅಂತ ಬರದು ಕೊಡ್ರಿ ಹಂಗಾರ.”

ಅವರು ನಕ್ಕರು. “ಅದರಾಗ ಬರಿಯೂದೇನದರೀ? ಹೆಬ್ಬಟ್ಟು ನಿಮ್ಮದು, ನಿರ್ಧಾರ ನಿಮ್ಮದು. ದಣದೀರಿ ಅಂತ ಕಾಣಸ್ತದ. ಮನೀಗೆ ಹೋಗಿ ವಿಶ್ರಾಂತಿ ತಗೋರಿ.”

ಹಿಂದೆ ಅವರ ಇನ್ನೊಂದು ಫೋನು ಬಡಿದುಕೊಳ್ಳುತ್ತಿತ್ತು. ಅವರ ಮೇಲೂ ಯಾರೋ ಇದ್ದರು, ಅವರ ಮೇಲೆ ಮತ್ತೊಬ್ಬರು. ಅವರಲ್ಲಿ ಯಾರ ಬೆರಳೂ ಗಾಜು ಮುಟ್ಟುವುದಿಲ್ಲ.

ನನ್ನ ಬದಲಿಗೆ ಕರೆಸಿದ್ದು ಚನ್ನವೀರ ಕಮ್ಮಾರನನ್ನು. ನಾಲ್ಕು ವರ್ಷ ನನ್ನ ಪಕ್ಕದ ಸೀಟಿನಲ್ಲಿ ಕುಳಿತು ಹಾರಿದವನು. ಕ್ಯಾಪ್ಟನ್ ಆಗಿ ಆರು ತಿಂಗಳಾಗಿತ್ತು, ಖಾಯಂ ಆಗಿರಲಿಲ್ಲ. ಮೆಟ್ಟಿಲ ಬಳಿ ತಡೆದೆ.

“ಚನ್ನವೀರ, ಬೆರಳು ಹಚ್ಚಬ್ಯಾಡ.”

“ಅಕ್ಕಾರ, ನಾನೂ ಒಲ್ಲೆ ಅಂದ್ರ ಖಾಯಂ ಮಾಡಂಗಿಲ್ಲ ಅಂತ ಸಾಹೇಬ್ರು ಬಾಯಿಬಿಟ್ಟು ಹೇಳಿಲ್ಲ.” ಅವನು ನನ್ನ ಮುಖ ನೋಡಲಿಲ್ಲ. “ಆದ್ರ ಹೇಳಿದಂಗ ಆತಲ್ರಿ.”

ಕೆಳಗೆ ಹೋಗಿ ಟಾರ್ಚ್ ಹಾಕಿ ನೋಡಿದ. ಅಷ್ಟರಲ್ಲಿ ಯಾರೋ ಆ ಹಸಿಯನ್ನು ಬಟ್ಟೆಯಿಂದ ಒರಸಿದ್ದರು. ಕಾಲು ಒಣಗಿತ್ತು. ಅವನು ಬೆರಳೊತ್ತಿದ. ನಾನು ವಿಮಾನದ ಮುಂದೆ ಅಡ್ಡ ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಬಸ್ ಹತ್ತಿ ಮನೆಗೆ ಹೋಗಿ, ಕೈಕಾಲು ತೊಳೆದು, ಅವಲಕ್ಕಿ ತಿಂದೆ.

ಮಸ್ಕತ್‌ನಲ್ಲಿ ಇಳಿಯುವಾಗ ಬಲಗಾಲು ಮಡಚಿಕೊಂಡಿತು. ರೆಕ್ಕೆ ನೆಲಕ್ಕೆ ಉಜ್ಜುತ್ತ ಹೋದ ವಿಮಾನವನ್ನು ಚನ್ನವೀರ ಹಾದಿ ಬಿಡದ ಹಾಗೆ ಹಿಡಿದು ನಿಲ್ಲಿಸಿದ. ಅರವತ್ತೆರಡು ಪ್ರಯಾಣಿಕರೂ ಜೀವಂತ ಇಳಿದರು. ಹಿಂದಿನ ಬಾಗಿಲ ಬಳಿ ಕುಳಿತಿದ್ದ ಗಗನಸಖಿ ರೇಣುಕಾ ತಳವಾರಳ ಸೀಟು ಕಿತ್ತುಬಂದು ಅವಳ ಬೆನ್ನುಮೂಳೆ ಮುರಿಯಿತು. ಇಪ್ಪತ್ತಾರರ ಹುಡುಗಿ. ಇನ್ನು ನಡೆಯುವುದಿಲ್ಲ.

ವಿಚಾರಣೆ ಹನ್ನೊಂದು ನಿಮಿಷದಲ್ಲಿ ಮುಗಿಯಿತು. ಅಧ್ಯಕ್ಷರು ಗಾಜಿನ ಫಲಕದ ಚಿತ್ರ ತೋರಿಸಿ ಕೇಳಿದರು: “ಈ ಹೆಬ್ಬೆರಳು ನಿಮ್ಮದಾ?”

“ಹೌದ್ರಿ,” ಎಂದ ಚನ್ನವೀರ.

ನಾನು ಎದ್ದು ನಿಂತೆ. “ಫೋನ್ ಮಾಡಿದವರು ಯಾರು ಅಂತ ಕೇಳ್ರಿ. ಎಣ್ಣಿ ಒರಸಿದವರು ಯಾರು ಅಂತ ಕೇಳ್ರಿ.”

“ಕೂತ್ಕೋರಿ ಅಮ್ಮಾ. ಅದು ಈ ವಿಚಾರಣೆಯ ವ್ಯಾಪ್ತಿಗೆ ಬರೂದಿಲ್ಲ.”

ಕಾಯಿದೆಯ ಪುಸ್ತಕ ತರಿಸಿ ನೋಡಿದೆ. ಅವರು ಹೇಳಿದ್ದು ನಿಜವಾಗಿತ್ತು. ಬೆರಳು ಇಟ್ಟವನ ಬಗ್ಗೆ ನಲವತ್ತು ಪುಟಗಳಿವೆ. ಬೆರಳು ಇಡಿಸಿದವರ ಬಗ್ಗೆ ಒಂದು ಸಾಲೂ ಇಲ್ಲ. ಎದ್ದು ಕೇಳಿದ ನನ್ನನ್ನು ಕಳೆದ ಸಾಮಾನಿನ ಕೋಣೆಗೆ ಹಾಕಿದರು. ಚನ್ನವೀರನ ಲೈಸೆನ್ಸ್ ರದ್ದಾಯಿತು. ಅವನೀಗ ನವಲಗುಂದದಲ್ಲಿ ಅಣ್ಣನ ಜೊತೆ ನೀರಿನ ಪಂಪು ರಿಪೇರಿ ಮಾಡುತ್ತಾನೆ. ಇನಾಮದಾರರು ಬಡ್ತಿ ಪಡೆದು ಕೇಂದ್ರ ಕಚೇರಿಗೆ ಹೋದರು. ಹೋಗುವ ಮುನ್ನ ನನ್ನ ಕೋಣೆಗೆ ಬಂದು ರೇಣುಕಾಳ ಆರೋಗ್ಯ ವಿಚಾರಿಸಿದರು. ಅವರ ಕಣ್ಣು ನಿಜವಾಗಿಯೂ ತುಂಬಿತ್ತು. ಅದರಿಂದ ನನ್ನ ಸಿಟ್ಟು ಇಮ್ಮಡಿಯಾಯಿತು.

ಅಪಘಾತದ ವರದಿ ಓದಲು ದಾವಲಸಾಬರು ಬಂದಿದ್ದರು. ಓದಿ ಕನ್ನಡಕ ತೆಗೆದು, “ಬರೇ ಎಣ್ಣಿ ತಡಿಯೂ ಒಂದು ರಬ್ಬರ್ ಸೀಲು ಹೋಗಿತ್ತವ್ವಾ. ಮಲಗಿ ನೋಡಿದ್ರ ಸಿಗತಿತ್ತು,” ಎಂದರು.

ಹಿರಿಯರೇ, ನಮ್ಮ ಕಾಯಿದೆಯ ಪುಸ್ತಕದ ಮೊದಲ ಪುಟದಲ್ಲಿ ಅದರ ಮೂಲ ಕರಡು ನಿಮ್ಮ ಕಾಲದ್ದೆಂದು ಬರೆದಿದೆ. ಅಂದರೆ ಈಗ ನಿಮ್ಮಲ್ಲಿ ಯಾರೋ, ಯಾವುದೋ ಕಚೇರಿಯಲ್ಲಿ ಚಹಾ ಕುಡಿಯುತ್ತ, ಅದನ್ನು ಬರೆಯುತ್ತಿದ್ದಾರೆ. ಅವರನ್ನು ಹುಡುಕಿ. ನೋಡುವವರು ಬೇರೆ, ಹಾರಿಸುವವರು ಬೇರೆ ಇರಲಿ ಎಂದು ಹೇಳಿ. ಹಾರು ಎಂದವರ ಹೆಸರೂ ಅದೇ ಫಲಕದ ಮೇಲೆ ಬೀಳಲಿ ಎಂದು ಒಂದು ಸಾಲು ಸೇರಿಸಿ. ಅಷ್ಟೂ ಆಗದಿದ್ದರೆ, ವಿಚಾರಣೆ ಮಾಡುವವರು ‘ಬೆರಳು ಇಡಿಸಿದವರು ಯಾರು’ ಎಂಬ ಎರಡನೆಯ ಪ್ರಶ್ನೆ ಕೇಳಲೇಬೇಕೆಂದಾದರೂ ಬರೆಸಿ.

ನಿಮಗೆ ಇದು ತಲುಪುತ್ತದೋ ಇಲ್ಲವೋ ನನಗೆ ತಿಳಿಯುವ ದಾರಿಯಿಲ್ಲ. ನೀವು ಆ ಸಾಲು ಬರೆದಿದ್ದರೆ ಇಷ್ಟರಲ್ಲಿ ಇಲ್ಲೇನಾದರೂ ಬದಲಾಗಿರಬೇಕಿತ್ತು. ಈಗಷ್ಟೇ ಕಿಟಕಿಯಿಂದ ನೋಡಿದೆ. ಗೋಡೆ ಹಸಿರಾಯಿತು, ಯಾರೋ ಬೆರಳೊತ್ತಿದರು, ಮಸ್ಕತ್ ವಿಮಾನ ಒಂದು ನಿಮಿಷವೂ ತಡವಾಗದೆ ಹೊರಟಿತು.

ನಿಮ್ಮ
ಇಂದುಮತಿ