ನೀನು ಬರೆದಿದ್ದ ಇಟಲಿಯ ರೊಟ್ಟಿ

ಮಗನೇ ರಾಮಾಂಜಿ,

ಹೆಸರಿಗೆ ಮೊದಲು ಚಿರಂಜೀವಿ ಎಂದು ಬರೆಯಲು ಕೈ ಬರಲಿಲ್ಲ. ಇಟಲಿಯ ಯುದ್ಧದಲ್ಲಿ ನೀನು ತೀರಿಕೊಂಡೆಯೆಂದು ತಂತಿ ಬಂದು ವರ್ಷವಾಗುತ್ತಾ ಬಂತು. ನಾಡಿದ್ದು ತಿಥಿ. ಎಡೆ ಇಡೋಣವೆಂದರೆ ನಿನ್ನ ಅವ್ವ ಒಪ್ಪುತ್ತಿಲ್ಲ. "ಮೈ ಕಂಡೋರಿಲ್ಲ, ಮಣ್ಣು ಮಾಡಿದೋರಿಲ್ಲ. ಬದುಕಿರೋ ಮಗನಿಗೆ ಯಾರಾದ್ರೂ ಎಡೆ ಇಡ್ತಾರಾ?" ಅನ್ನುತ್ತಾಳೆ.

ಇವತ್ತು ದೇವನಹಳ್ಳಿಗೆ ಹೋಗಿದ್ದೆ. ಬೆಂಗಳೂರಿನಲ್ಲಿ ಇಟಲಿ ಕೈದಿಗಳ ಕ್ಯಾಂಪಿಗೆ ಬ್ರೆಡ್ಡು ಮಾಡುತ್ತಿದ್ದ ಹಬೀಬುಲ್ಲಾ ಸಾಬರು ಅಲ್ಲಿ ಸಣ್ಣ ಹೋಟೆಲು ಇಟ್ಟಿದ್ದಾರೆ. ಇಟಲಿಯಲ್ಲಿ ತಿಂದು ರುಚಿ ಹತ್ತಿತೆಂದು ನೀನು ಬರೆದಿದ್ದೆಯಲ್ಲ, ಆ ಪಿಜ್ಜಾ ಮಾಡುವುದನ್ನು ಕೈದಿಗಳಿಂದಲೇ ಕಲಿತರಂತೆ. ಭಟ್ಟಿಯಿಂದ ತೆಗೆದು ನನ್ನ ಮುಂದಿಟ್ಟರು.

"ನೋಡ್ತಾ ಕೂತ್ರೆ ಹೊಟ್ಟೆ ತುಂಬಲ್ಲ ಗೌಡ್ರೇ, ತಿನ್ನಿ. ಹಿಟ್ಟು ಮಿಲಿಟರಿಯಿಂದ ಕದ್ದಿದ್ದಲ್ಲ, ಟೊಮೇಟೊ ನಿಮ್ಮ ಬೂದಿಗೆರೇದೇ" ಅಂದರು.

ಒಂದು ತುತ್ತು ಇಳಿಯಿತು. ತಟ್ಟೆ ಪಕ್ಕಕ್ಕೆ ಸರಿಸಿದೆ. ನಿನ್ನ ಎಡೆಗಿರಲಿ ಎಂದು ಇನ್ನೊಂದನ್ನು ಬಾಳೆಲೆಯಲ್ಲಿ ಕಟ್ಟಿಸಿಕೊಂಡೆ.

ಮನೆಯಲ್ಲಿ ನಿನ್ನ ಅವ್ವ ಪೊಟ್ಟಣ ಬಿಚ್ಚಿದಳು. "ರಾಮಾಂಜಿ ಬರೆದಿದ್ದು ಇದೇನಾ?"

ಹೌದೆಂದೆ. ಎಡೆಗೆ ತಂದೆನೆಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ಎಂಜಲಾಯಿತು. ಇನ್ನು ಅದನ್ನು ಎಡೆಗೆ ಇಡುವಂತಿಲ್ಲ.

ನಿಧಾನವಾಗಿ ಅಗಿದು ಹೇಳಿದಳು: "ಉಪ್ಪು ಕಮ್ಮಿ. ಅವನು ಬಂದ್ರೆ ಇದನ್ನೇ ಕೇಳ್ತಾನೆ. ಹೆಂಗೆ ಮಾಡೋದು ಅಂತ ಆ ಸಾಬ್ರನ್ನ ಕೇಳ್ಕಂಡ್ ಬನ್ನಿ."

ಹೂಂ ಅಂದೆ. ಬೆಳಿಗ್ಗೆ ಕೇಳಲು ಹೋಗುತ್ತಿದ್ದೇನೆ, ಮಗನೇ.