ಮೇಣ ಸವರಿದ ಬಟ್ಟೆ

ಮಾರ್ಚ್ ಒಂಬತ್ತು, ಸೋಮವಾರ

ಪ್ರೀತಿಯ ತಂಗಿಗೆ ಅಕ್ಕನ ಆಶೀರ್ವಾದ.

ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಳ್ಳಬೇಡ. ಈ ಮನೆಯಲ್ಲಿ ನನಗೆ ಕಾವಲು ಕಾಯುವುದೇ ಕೆಲಸವಾಗಿದೆ.

ಸೊಸೆ ಅಡುಗೆಮನೆಯಿಂದ ಬಟ್ಟಲಿಗೆ ಬಿಗಿಯುವ ಪ್ಲಾಸ್ಟಿಕ್ ಹಾಳೆಯ ಸುರುಳಿಯನ್ನೇ ಓಡಿಸಿಬಿಟ್ಟಳು. ಬಿಸಿ ಪದಾರ್ಥಕ್ಕೋ ಎಣ್ಣೆ ಜಿಡ್ಡಿಗೋ ತಾಗಿದರೆ ಅದರೊಳಗಿನ ರಾಸಾಯನಿಕ ಊಟಕ್ಕೆ ಇಳಿಯುತ್ತದಂತೆ. ಆಸ್ಪತ್ರೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ಬಿಸಿಬಿಸಿ ತಟ್ಟೆಗಳಿಗೆ ಅದನ್ನೇ ಬಿಗಿದವಳು ನಾನು, ನನಗೇ ಪಾಠ. ಈಗ ಉಳಿದದ್ದೆಲ್ಲ ಗಾಜಿನ ಡಬ್ಬಿಗೆ, ಇಲ್ಲವೇ ಸ್ಟೀಲ್ ಡಬ್ಬಿಗೆ. ಬಟ್ಟಲಾದರೆ ಮೇಲೊಂದು ತಟ್ಟೆ ಮುಚ್ಚಬೇಕು. ಹೆಚ್ಚಿದ ಹಣ್ಣಿಗೆ ಜೇನುಮೇಣ ಸವರಿದ ಬಟ್ಟೆ. ಗಾಜಿನ ಡಬ್ಬಿ ಯಾಕೆ ಗೊತ್ತೇ? ಮುದುಕಿ ಎಷ್ಟು ತಿಂದಳು ಅಂತ ಹೊರಗಿನಿಂದಲೇ ಕಾಣಲಿ ಅಂತ. ಕೇಳಿದರೆ ನಗುತ್ತಾಳೆ. ಕೇಳಿದ್ದಕ್ಕೆಲ್ಲ ನಗುವವರನ್ನು ನಾನು ನಂಬುವವಳಲ್ಲ.

ಅದಿರಲಿ, ಮೇಣ ಸವರಲು ಅಷ್ಟೊಂದು ಬಟ್ಟೆ ಎಲ್ಲಿಂದ ಬಂತು? ನಿನ್ನ ಭಾವ ತೀರಿಕೊಂಡ ಮೇಲೆ ನಾನು ಯಾರಿಗೂ ಮುಟ್ಟಗೊಡದ ಬೀರುವನ್ನು ತೆಗೆದು ನೋಡಿದೆ. ಮಡಿಸಿಟ್ಟ ಅವರ ಬಟ್ಟೆಗಳು ಕಡಿಮೆಯಾಗಿವೆ. ಹಾಗೆಂದಾಗ ಮಗ, ಸೊಸೆ ಮುಖ ಮುಖ ನೋಡಿಕೊಂಡರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ನಿನ್ನೆ ಆಲೂಗಡ್ಡೆ ಬೇಯಿಸಿ, ಹಳೇ ಅಭ್ಯಾಸ ನೋಡು, ಹಬೆಯಾಡುತ್ತಿದ್ದಾಗಲೇ ಬಟ್ಟಲಿಗೆ ಆ ಬಟ್ಟೆ ಬಿಗಿದುಬಿಟ್ಟೆ. ಮೇಣ ಕರಗಿ ಬಟ್ಟಲಿನ ಸುತ್ತ ಇಳಿಯಿತು. ಅದು ಬಿಸಿಗಲ್ಲ, ಆರಿದ ಮೇಲೆ ಮುಚ್ಚುವುದು ಎಂದು ಸೊಸೆ ಸಮಾಧಾನವಾಗಿಯೇ ಹೇಳಿದಳು. ಬೈಯಲಿಲ್ಲ. ಅದೇ ನನಗೆ ಅನುಮಾನ.

ನಿನ್ನ ಮಂಡಿನೋವು ಹೇಗಿದೆ? ಮೆಟ್ಟಿಲು ಜಾಸ್ತಿ ಹತ್ತಿಳಿಯಬೇಡ. ಮಕ್ಕಳು ಮರಿಗಳೊಂದಿಗೆ ತಣ್ಣಗಿರು.

ಇತಿ ನಿನ್ನ
ಅಕ್ಕ

ಕೊನೆಗೊಂದು ಮಾತು: ಮೇಣ ಹೋದ ಆ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ನೀಲಿ ಗೆರೆ, ಜೇಬು ಬಿಚ್ಚಿದ ಹೊಲಿಗೆಯ ಗುರುತು, ಅದರ ಕೆಳಗೆ ಶಾಯಿಯ ಕಲೆ. ನಿನ್ನ ಭಾವನ ಅಂಗಿ ಕಣೇ. ಯಾರು ಕತ್ತರಿಸಿದ್ದೆಂದು ಕೂಗಾಡಿದೆ. ಸೊಸೆ ನನ್ನ ಕೈ ಹಿಡಿದು, "ನೀವೇ, ಅತ್ತೆ. ಅವರು ದಿನಾ ಕಣ್ಣೆದುರಿಗಿರ್ಲಿ ಅಂತ ನೀವೇ ಕತ್ತರಿಸಿ ಕೊಟ್ರಿ. ಆ ಕಡೆ ತುದಿ ಹಿಡ್ಕೊಂಡಿದ್ದು ಚಿಕ್ಕತ್ತೆ" ಅಂದಳು. ಚಿಕ್ಕತ್ತೆ ಅಂದರೆ ನೀನೇ. ನನಗೆ ಒಂದು ಚೂರೂ ನೆನಪಿಲ್ಲ. ಅವಳು ಹೇಳಿದ್ದು ಸುಳ್ಳು ಅಂತ ಬರೆದುಬಿಡೇ. ಸುಳ್ಳಾದರೆ ನಾನು ಬದುಕಿಕೊಂಡೆ.